ಪಾಕಶಾಲೆಯ ಹೊಸ್ತಿಲಲ್ಲಿ ನಿಂತ ಮಗು

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಶ್ರಾವಣಮಾಸವು ಸಮೀಪಿಸಿತೆಂದರೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ವೈಷ್ಣವ ಗೃಹಗಳಲ್ಲಿ ಒಲೆಗೆ ಬಿಡುವೆಂಬುದಿರುವುದಿಲ್ಲ. ನಾಗಪಂಚಮಿಯ ಉಂಡೆಗಳು, ಶನಿವಾರಗಳ ಗೋಪಾಳ, ಶ್ರೀರಾಘವೇಂದ್ರ ಗುರುಸಾರ್ವಭೌಮರ ಆರಾಧನೆ, ಕೃಷ್ಣಾಷ್ಟಮಿಯ ಚಕ್ಕುಲಿ, ಅವಲಕ್ಕಿಗಳು ಒಂದರ ಬೆನ್ನಿಗೊಂದು ಬರುತ್ತವೆ. ಚಾತುರ್ಮಾಸ್ಯದ ವ್ರತನಿಯಮವೂ ಜೊತೆಗೇ ಇರುವುದರಿಂದ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿಚಾರದಲ್ಲಿಯೇ ಗೃಹಿಣಿಯರ ಚಿತ್ತವೆಲ್ಲ ನೆಟ್ಟಿರುತ್ತದೆ. ಈ ಗಡಿಬಿಡಿಯಲ್ಲಿ ಮನೆಯ ಚಿಕ್ಕ ಮಕ್ಕಳ ಕಿವಿಗೆ ಶ್ರೀಹರಿಯ ನಾಮಕ್ಕಿಂತಲೂ ಹೆಚ್ಚಾಗಿ ಬೀಳುವ ಮಾತೊಂದುಂಟು: “ದೂರ ನಿಲ್ಲು, ಮುಟ್ಟಬ್ಯಾಡ, ಮಡಿ ಅದ.”

ಮಡಿಯನ್ನು ಆಕ್ಷೇಪಿಸುವುದಕ್ಕಾಗಿ ಈ ಮಾತನ್ನೆತ್ತಿದವನಲ್ಲ. ಅರ್ಚಕರ ಮನೆಯಲ್ಲಿ ಹುಟ್ಟಿ ಮಡಿಯ ಅನ್ನದಿಂದಲೇ ಬೆಳೆದವನಿಗೆ ಅಂತಹ ಅಧಿಕಾರವೂ ಇಲ್ಲ, ಅಪೇಕ್ಷೆಯೂ ಇಲ್ಲ. ಭಗವಂತನಿಗೆ ಸಮರ್ಪಿಸುವ ಪಾಕವು ಶುಚಿಯಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಶುಚಿತ್ವವನ್ನು ಕಾಯುವ ನೆಪದಲ್ಲಿ ಮಗುವನ್ನು ಹೊಸ್ತಿಲಿನಾಚೆ ನಿಲ್ಲಿಸಿಬಿಟ್ಟರೆ, ಮುಂದೆ ಈ ಪಾಕವನ್ನು ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವೇ.

ಕೆಲವು ಕಾಲದ ಹಿಂದೆ ಸವದತ್ತಿಯ ಒಂದು ಮನೆಗೆ ಪೂಜೆಗಾಗಿ ಹೋಗಿದ್ದೆ. ಮನೆಯ ಹಿರಿಯಾಕೆ ಹರಿಪಾದ ಸೇರಿ ವರ್ಷ ತುಂಬಿತ್ತು. ನೈವೇದ್ಯಕ್ಕೆಂದು ಹಯಗ್ರೀವವನ್ನು ತಂದಿಟ್ಟಿದ್ದರು; ನೋಡಿದರೆ ಅಂಗಡಿಯದು. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪ ಇಷ್ಟರಿಂದ ಆಗುವ ಪದಾರ್ಥ; ಶ್ರೀವಾದಿರಾಜ ಗುರುಗಳು ತಲೆಯ ಮೇಲೆ ಹೊತ್ತು ನಿಲ್ಲುತ್ತಿದ್ದರೆಂದೂ ಅಶ್ವರೂಪಿಯಾದ ಸ್ವಾಮಿಯು ಬಂದು ಸ್ವೀಕರಿಸುತ್ತಿದ್ದನೆಂದೂ ನಮ್ಮ ಸಂಪ್ರದಾಯವು ಹೇಳುವಂಥದು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಆ ತಾಯಿಯೇ ತಲೆ ತಗ್ಗಿಸಿ ಅಂದರು: “ಸಣ್ಣಾಕಿ ಇದ್ದಾಗ ಒಳಗ ಬಿಡಲಿಲ್ಲರೀ ಆಚಾರ್ರ. ದೊಡ್ಡಾಕಿ ಆದ ಮ್ಯಾಲ ಓದು ಅಂದ್ರು. ಕಲಿಯೋದು ಯಾವಾಗಿತ್ತು?” ನನ್ನ ಬಾಯಿ ಕಟ್ಟಿತು. ಅಂಗಡಿಯ ಪದಾರ್ಥವನ್ನು ಬದಿಗಿರಿಸಿ, ಹಾಲು ಸಕ್ಕರೆ ಬಾಳೆಹಣ್ಣುಗಳನ್ನು ನಿವೇದಿಸಿ ಬಂದೆ. ದಾರಿಯುದ್ದಕ್ಕೂ ಆ ಪ್ರಶ್ನೆಯೇ ಕಿವಿಯಲ್ಲಿತ್ತು.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಒಂದು ಮನೆಗೆಲಸದ ಪ್ರಸಂಗವಿದೆ. ಅದನ್ನು ನಾವೆಲ್ಲರೂ ಬಲ್ಲೆವು. ಬಲ್ಲೆವೆಂದೇ ಅದರೊಳಗಿನ ವಿವರಗಳನ್ನು ಗಮನಿಸದೆ ಮುಂದೆ ಸಾಗುತ್ತೇವೆ. ಅಂದು ನಂದಗೋಪನ ಮನೆಯ ದಾಸಿಯರು ಬೇರೆ ಕೆಲಸದಲ್ಲಿದ್ದುದರಿಂದ ಯಶೋದೆಯು ತಾನೇ ಮೊಸರು ಕಡೆಯುತ್ತಿದ್ದಾಳೆ. ಕಡೆಯುತ್ತ ಮಗನ ಲೀಲೆಗಳನ್ನೇ ಹಾಡುತ್ತಿದ್ದಾಳೆ. ಬಾಲಕೃಷ್ಣನು ಬಂದು ಕಡಗೋಲನ್ನು ಹಿಡಿದು ನಿಲ್ಲಿಸುತ್ತಾನೆ. ನಿತ್ಯತೃಪ್ತನೂ ದೋಷದೂರನೂ ಆದ ಪರಮಾತ್ಮನಿಗೆ ಹಸಿವೆಲ್ಲಿಯದು, ಮುನಿಸೆಲ್ಲಿಯದು? ಭಕ್ತಳಿಗಾಗಿ ಆಡಿದ ಆಟವದು. ಆದರೆ ಆಟದ ಅಂಗಳ ಯಾವುದೆಂಬುದನ್ನು ನೋಡಿರಿ, ಅಡುಗೆಯ ಮನೆ. ಆಕೆ ಮಗುವನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಮಗುವನ್ನು ಕೆಳಗಿಳಿಸಿ ಓಡುತ್ತಾಳೆ. ಚಿಕ್ಕ ಮಕ್ಕಳೊಡನೆ ಅಡುಗೆ ಮಾಡಿದ ಯಾವ ತಾಯಿಗೆ ಇದು ಹೊಸದು? ಇತ್ತ ಮೊಸರಿನ ಗಡಿಗೆ ಒಡೆಯುತ್ತದೆ, ಬೆಣ್ಣೆಯು ಕಪಿಗಳ ಪಾಲಾಗುತ್ತದೆ. ಯಶೋದೆಯು ಕೋಲು ಹಿಡಿದು ಬೆನ್ನಟ್ಟುತ್ತಾಳೆ, ಹಿಡಿಯುತ್ತಾಳೆ. ಕಣ್ಣುಜ್ಜಿಕೊಂಡು ಕಾಡಿಗೆಯನ್ನು ಮುಖಕ್ಕೆಲ್ಲ ಬಳಿದುಕೊಂಡು ಅಳುತ್ತಿರುವ ಮಗುವು ಅಂಜಿದೆಯೆಂದು ಕಂಡೊಡನೆ ಆಕೆ ಮಾಡಿದ್ದೇನು? ಕೋಲನ್ನು ಎಸೆದುಬಿಟ್ಟಳು. ಹಗ್ಗವು ಎರಡಂಗುಲ ಕಡಿಮೆಯಾದ ಮಾತನ್ನು ಪ್ರವಚನಗಳಲ್ಲಿ ವಿಸ್ತಾರವಾಗಿ ಹೇಳುತ್ತೇವೆ. ಅದಕ್ಕೆ ಮುನ್ನ ನೆಲಕ್ಕೆ ಬಿದ್ದ ಆ ಕೋಲಿನ ಮಾತನ್ನು ಹೇಳುವುದು ಅಪರೂಪ.

ಶ್ರೀಮದಾಚಾರ್ಯರ ಶೈಶವದಲ್ಲಿಯೂ ಇಂತಹದೊಂದು ಪ್ರಸಂಗವನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಪಾಜಕದ ಮನೆಯಲ್ಲಿ ಶಿಶುವಾದ ವಾಸುದೇವನನ್ನು ಅಕ್ಕನ ವಶಕ್ಕೆ ಒಪ್ಪಿಸಿ ತಾಯಿಯು ಹೊರಗೆ ಹೋಗಿದ್ದಾಳೆ. ಮಗು ಹಸಿದು ಅಳತೊಡಗುತ್ತದೆ. ಆ ಹುಡುಗಿ ತಾನೂ ಚಿಕ್ಕವಳೇ. ಏನು ಮಾಡಬೇಕೆಂದು ತಿಳಿಯದೆ, ದನಗಳಿಗೆಂದು ಬೇಯಿಸಿಟ್ಟಿದ್ದ ಹುರುಳಿಯನ್ನೇ ತಮ್ಮನಿಗೆ ಉಣ್ಣಿಸಿಬಿಡುತ್ತಾಳೆ. ಮರಳಿ ಬಂದ ತಾಯಿಗೆ ಎದೆ ನಡುಗಿತು. ಹಾಲು ಕುಡಿಯುವ ಮಗುವಿಗೆ ಹುರುಳಿಯೇ! ವಾಯುದೇವರ ಮೂರನೆಯ ಅವತಾರಕ್ಕೆ ಅದು ಜೀರ್ಣವಾದದ್ದು ಅಚ್ಚರಿಯಲ್ಲ. ನಮ್ಮ ಮಕ್ಕಳಿಗೆ ಯಾರೂ ಹಾಗೆ ಮಾಡತಕ್ಕದ್ದಲ್ಲ. ಆದರೆ ಹಸಿದ ಜೀವವನ್ನು ಕಂಡು ಏನಾದರೂ ಉಣ್ಣಿಸಬೇಕೆಂದು ಆ ಹುಡುಗಿಯ ಕೈ ತಾನಾಗಿ ಪಾತ್ರೆಯತ್ತ ಹೋಯಿತಲ್ಲ, ಆ ಬುದ್ಧಿಯು ಮಕ್ಕಳಲ್ಲಿ ಸಹಜವಾಗಿಯೇ ಇರುತ್ತದೆ. ಯಾವುದನ್ನು, ಎಷ್ಟು, ಹೇಗೆ ಎಂಬುದನ್ನು ಮಾತ್ರ ನಾವು ಕಲಿಸಬೇಕು.

ಈಗ ನನ್ನ ತಪ್ಪನ್ನೇ ಹೇಳಿಕೊಳ್ಳಬೇಕಾಗಿದೆ.

ಒಂದು ಕೃಷ್ಣಾಷ್ಟಮಿಯ ದಿನ. ಮಗಳಿಗೆ ಆಗ ಐದು ವರ್ಷ. ಅಭ್ಯಂಜನವಾಗಿ, ರೇಷ್ಮೆಯ ಲಂಗ ತೊಟ್ಟು, ತಾಯಿಯ ಪಕ್ಕದಲ್ಲಿ ಕುಳಿತು ರವೆಯ ಉಂಡೆ ಕಟ್ಟುತ್ತಿದ್ದಳು. ತುಪ್ಪ ಹೆಚ್ಚಾಗಿ ಕೈಗೆಲ್ಲ ಮೆತ್ತಿತ್ತು. ನಾನು ದೇವರ ಮನೆಯಿಂದ ಈಚೆಗೆ ಬಂದಾಗ ಅವಳು ಬೆರಳನ್ನು ನೆಕ್ಕುತ್ತಿದ್ದುದು ಕಣ್ಣಿಗೆ ಬಿತ್ತು. ಅದೇ ಕೈಯಿಂದ ಮುಂದಿನ ಉಂಡೆಯನ್ನು ತಟ್ಟೆಯಲ್ಲಿರಿಸಿದಳು. ಉಪವಾಸದ ದಿನದ ಸಿಟ್ಟು ಬೇರೆ. “ದೇವರ ಉಂಡಿ ಎಲ್ಲಾ ಎಂಜಲ ಮಾಡಿದಿ!” ಎಂದು ಮನೆ ಗುಡುಗುವಂತೆ ಕೂಗಿದೆ. ತಟ್ಟೆಯನ್ನು ಬದಿಗೆ ಸರಿಸಿ ಹೊಸದಾಗಿ ರವೆ ಹುರಿದದ್ದಾಯಿತು. ರಾತ್ರಿಯ ಪೂಜೆ ಸಾಂಗವಾಗಿ ನಡೆಯಿತು. ಎಲ್ಲವೂ ಸರಿಹೋಯಿತೆಂದೇ ತಿಳಿದಿದ್ದೆ.

ಅನಂತಚತುರ್ದಶಿ ಬಂತು, ನವರಾತ್ರಿ ಬಂತು. ಮಗಳು ಅಡುಗೆಮನೆಯ ಹೊಸ್ತಿಲಿನವರೆಗೆ ಬಂದು, ಕಾಲ್ಬೆರಳನ್ನು ಗೆರೆಗೆ ತಾಗಿಸಿ ನಿಂತು ಹೋಗುತ್ತಿದ್ದಳೇ ಹೊರತು ಒಳಗೆ ಬರಲಿಲ್ಲ. ದೀಪಾವಳಿಯಲ್ಲಿ ಕರ್ಚಿಕಾಯಿಯ ಅಂಚು ಒತ್ತಲು ತಾಯಿ ಕರೆದಳು. ಮಗು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿತು: “ನಾ ಬರಂಗಿಲ್ಲವ್ವ. ನನ್ನ ಕೈ ಎಂಜಲ ಅದ.”

ಜಪ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದ ನನ್ನ ತಂದೆಯವರಿಗೂ ಇದು ಕೇಳಿಸಿತು. ಅವರು ನಾಲ್ಕು ದಶಕ ಅರ್ಚನೆ ಮಾಡಿದವರು. ಮಡಿಯ ವಿಷಯದಲ್ಲಿ ನನಗಿಂತ ಕಠಿಣರು. ಸಂಜೆ ನನ್ನನ್ನು ಕರೆದು ಅಂದರು: “ಎಂಜಲ ಆಗಿದ್ದು ಉಂಡಿ. ಕೈ ತೊಳಕೊಂಡಿದ್ರ ಹೋಗತಿತ್ತು. ಅಷ್ಟು ನೀ ಅಕಿಗೆ ಹೇಳಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ನಿನಗ ನಿಮ್ಮವ್ವ ಒಂದು ಬಟ್ಟಲ ಬ್ಯಾರೇನ ತಗದಿಡತಿದ್ದಳು. ಅದಕ್ಕ ನೀ ನೈವೇದ್ಯಕ್ಕ ಕೈ ಹಾಕತಿರಲಿಲ್ಲ. ನಿನ್ನ ಶಾಣ್ಯಾತನ ಅಂತ ತಿಳಕೊಂಡಿ ಏನು?” ಎಂದರು.

ಪಾಠಶಾಲೆಯಲ್ಲಿ ಓದಿದ್ದು ಆಗ ನೆನಪಿಗೆ ಬಂತೆಂದು ಹೇಳಲು ನಾಚಿಕೆಯಾಗುತ್ತದೆ. ಉಪನಯನಕ್ಕೆ ಮುನ್ನ ಬಾಲಕನಿಗೆ ನಡೆನುಡಿಗಳಲ್ಲಿಯೂ ಆಹಾರದಲ್ಲಿಯೂ ದೊಡ್ಡವರಿಗಿರುವ ಕಟ್ಟುಪಾಡುಗಳಿಲ್ಲವೆಂದು ಗೌತಮ ಧರ್ಮಸೂತ್ರವು ಹೇಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ ಮನೆಯಲ್ಲಿ ಉಣ್ಣುವವರ ಕ್ರಮವನ್ನು ಹೇಳುವಾಗ ಬಾಲರು, ವೃದ್ಧರು, ಗರ್ಭಿಣಿಯರು, ರೋಗಿಗಳು, ಅತಿಥಿಗಳು, ಸೇವಕರು ಇವರೆಲ್ಲರಿಗೂ ಉಣ್ಣಿಸಿ, ಉಳಿದುದನ್ನು ಗೃಹಸ್ಥ ದಂಪತಿಗಳು ಉಣ್ಣಬೇಕೆಂದಿದೆ. ಆ ಸಾಲಿನಲ್ಲಿ ಮೊದಲನೆಯ ಹೆಸರು ಬಾಲರದು. ಶಾಸ್ತ್ರವು ಮಗುವಿಗೆ ಇಷ್ಟು ಎಡೆಗೊಟ್ಟಿರಲು ನಾವು ಶಾಸ್ತ್ರಕ್ಕಿಂತ ಮುಂದೆ ಓಡುವುದೇಕೆ?

ಇಲ್ಲಿ ಕೆಲವರು ಶಬರಿಯ ಮಾತನ್ನು ತರುವುದುಂಟು. ರಾಮದುರ್ಗ ತಾಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ನಮ್ಮ ಸೀಮೆಯವರೆಲ್ಲ ಹೋಗಿಬಂದವರೇ. ಶ್ರೀರಾಮಚಂದ್ರನಿಗೆ ಶಬರಿಯು ಬೋರೆಹಣ್ಣು ಕೊಟ್ಟ ಸ್ಥಳವೆಂದು ಅಲ್ಲಿಯ ನಂಬಿಕೆ. “ಆಕೆ ಕಚ್ಚಿ ನೋಡಿಯೇ ಕೊಡಲಿಲ್ಲವೇ, ಮಗು ನೆಕ್ಕಿದರೇನು?” ಎನ್ನುತ್ತಾರೆ. ಕೇಳಲು ಇಂಪಾದ ಮಾತು. ಆದರೆ ವಾಲ್ಮೀಕಿಗಳ ಮೂಲದಲ್ಲಿ ಶಬರಿಯು ವನ್ಯ ಪದಾರ್ಥಗಳನ್ನು ಕೂಡಿಸಿಟ್ಟು ಸ್ವಾಮಿಗೆ ಅರ್ಪಿಸಿದಳೆಂದಷ್ಟೇ ಇದೆ. ಕಚ್ಚಿ ನೋಡಿದ ಮಾತು ಅಲ್ಲಿಲ್ಲ, ಅದು ಅನಂತರದ ಕಥೆ. ಆದುದರಿಂದ ಎಂಜಲನ್ನು ನಿವೇದಿಸಬಹುದೆಂದು ಇದರಿಂದ ಸಾಧಿಸಲಾಗದು. ನಾನು ಒಪ್ಪುವುದೂ ಇಲ್ಲ. ಅಂದು ಆ ತಟ್ಟೆಯನ್ನು ಬದಿಗಿರಿಸಿದ್ದು ಸರಿಯೇ. ಮಗುವನ್ನೂ ಅದರೊಡನೆ ಬದಿಗಿರಿಸಿದ್ದು ತಪ್ಪು. ಶಬರಿಯ ಕಥೆಯಿಂದ ಗ್ರಹಿಸಬೇಕಾದದ್ದು ಬೇರೆಯಿದೆ: ಆಕೆ ಎಷ್ಟೋ ದಿನಗಳಿಂದ ಸ್ವಾಮಿಗಾಗಿ ತನ್ನ ಕೈಯಿಂದಲೇ ಕೂಡಿಸಿಟ್ಟಿದ್ದಳು.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಹಿರಿಯರು ಮಡಿಯಲ್ಲಿಯೇ ಮೆಟ್ಟಿಲುಗಳನ್ನಿಟ್ಟಿದ್ದಾರೆ; ಅವು ನಮಗೆ ಮರೆತಿವೆ ಅಷ್ಟೇ. ಒಲೆಗೆ ಏರದ ಹಸಿ ಧಾನ್ಯಕ್ಕೆ ಬೇಯಿಸಿದ ಅನ್ನದಷ್ಟು ನಿರ್ಬಂಧವಿಲ್ಲ. ತುಪ್ಪದಲ್ಲಿ ಹುರಿದದ್ದಕ್ಕೆ ನೀರಿನಲ್ಲಿ ಬೆಂದುದರಷ್ಟು ಮುಸುರೆಯಿಲ್ಲ. ಜೋಳ, ಗೋಧಿ, ಅಕ್ಕಿಗಳನ್ನು ಹಸನು ಮಾಡುವುದು, ಶೇಂಗಾ ಬಿಡಿಸುವುದು, ಬೆಲ್ಲ ಕುಟ್ಟುವುದು, ತುಳಸಿ ತರುವುದು, ಹೂರಣದ ಉಂಡೆಗಳನ್ನು ಎಣಿಸಿಡುವುದು ಇವೆಲ್ಲವೂ ನಾಲ್ಕೈದು ವರ್ಷದ ಕೈಗಳಿಗೆ ಎಟಕುವ ಸೇವೆಗಳು. ಬೆಂಕಿ, ಕಾದ ಎಣ್ಣೆ, ಈಳಿಗೆಮಣೆಗಳಿಂದ ದೂರವಿಡಬೇಕೆಂಬುದನ್ನು ಯಾವ ತಾಯಿಗೂ ಹೇಳಬೇಕಾಗಿಲ್ಲ. ಒಂದು ಕಾಲದ ಒಲೆಗಿಂತ ಈಗಿನ ಗ್ಯಾಸಿನ ಒಲೆಯು ಎತ್ತರದಲ್ಲಿರುವುದರಿಂದ, ಮಗುವನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಅಡುಗೆ ಮಾಡುವ ರೂಢಿಯೊಂದು ಹೊಸದಾಗಿ ಬಂದಿದೆ. ಅದು ಮಾತ್ರ ಬೇಡ. ನೆಲದ ಮೇಲೆ ಮಣೆ ಹಾಕಿ ಕೂಡಿಸಿ, ಮುಂದೊಂದು ಪರಾತವನ್ನಿಟ್ಟರೆ ಸಾಕು.

ಕೈಯಿಂದ ಮಾಡಿದ ಮಗುವಿಗೆ ಪಂಚಾಂಗವು ತಾನಾಗಿ ತಿಳಿಯುತ್ತದೆ. ಚಾತುರ್ಮಾಸ್ಯದ ನಾಲ್ಕು ವ್ರತಗಳನ್ನು ಬಾಯಿಪಾಠ ಮಾಡಿಸಿದರೆ ಒಂದು ವಾರದಲ್ಲಿ ಮರೆಯುತ್ತಾರೆ. ಅದೇ, ಶಾಕವ್ರತದಲ್ಲಿ ಕಾಯಿಪಲ್ಯದ ಬುಟ್ಟಿ ಬರಿದಾದದ್ದನ್ನು ಕಂಡು “ಯಾಕ?” ಎಂದು ಕೇಳಿದ ಮಗು ಮರೆಯುವುದಿಲ್ಲ. ಮುಂದೆ ದಧಿವ್ರತದಲ್ಲಿ ಮೊಸರಿಲ್ಲ, ಕ್ಷೀರವ್ರತದಲ್ಲಿ ಹಾಲಿಲ್ಲ. ಕಾರ್ತಿಕದ ದ್ವಿದಳವ್ರತಕ್ಕಂತೂ ಪುಸ್ತಕವೇ ಬೇಡ. ನಾಲ್ಕು ಬಗೆಯ ಕಾಳುಗಳನ್ನು ಮಗುವಿನ ಮುಂದೆ ಸುರಿದು, ಯಾವುದು ಎರಡು ಬೇಳೆಯಾಗಿ ಒಡೆಯುತ್ತದೆ, ಯಾವುದು ಒಡೆಯದು ಎಂದು ಬೀಸುವ ಕಲ್ಲಿನಲ್ಲಿ ತೋರಿಸಿರಿ. ಕಡಲೆ ಒಡೆಯಿತು, ಹೆಸರು ಒಡೆಯಿತು. ಅಕ್ಕಿ ನುಚ್ಚಾಯಿತೇ ಹೊರತು ಬೇಳೆಯಾಗಲಿಲ್ಲ. ಯಾವುದನ್ನು ಆ ತಿಂಗಳು ಬಿಡಬೇಕೆಂಬುದನ್ನು ಮಗುವೇ ನಮಗೆ ಹೇಳುತ್ತದೆ.

ಹೀಗೆ ಪದಾರ್ಥವನ್ನು ಮುಂದಿಟ್ಟು ತತ್ತ್ವವನ್ನು ಕಲಿಸುವುದು ಉಪನಿಷತ್ತಿನ ದಾರಿಯೇ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಉಪದೇಶಿಸುವಾಗ ಉಪ್ಪನ್ನು ನೀರಿನಲ್ಲಿ ಹಾಕಿಸುತ್ತಾನೆ; ಮರುದಿನ ಬೆಳಿಗ್ಗೆ “ಆ ಉಪ್ಪನ್ನು ತಾ” ಎನ್ನುತ್ತಾನೆ. ಮಗನು ಹುಡುಕಿದರೂ ಸಿಗದು. ಈ ಬದಿಯಿಂದ, ನಡುವಿನಿಂದ, ಆ ಬದಿಯಿಂದ ಆಚಮಿಸಿ ನೋಡೆನ್ನುತ್ತಾನೆ, ಎಲ್ಲೆಡೆಯೂ ಉಪ್ಪೇ. ಕಣ್ಣಿಗೆ ಕಾಣದೆಯೂ ಸರ್ವತ್ರ ವ್ಯಾಪ್ತನಾಗಿ, ಜೀವನಿಗಿಂತ ಬೇರೆಯಾಗಿಯೇ ಇರುವ ಸ್ವಾಮಿಯನ್ನು ತಿಳಿಸುವ ದೃಷ್ಟಾಂತವಿದು. ಆ ಪ್ರಕರಣದ ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ಹೇಳುತ್ತವೆಂದು ಶ್ರೀಮದಾಚಾರ್ಯರು ನಿರ್ಣಯಿಸಿದ್ದಾರೆ. ಶ್ವೇತಕೇತುವು ಆಗ ಇಪ್ಪತ್ತನಾಲ್ಕು ವರ್ಷದವನು, ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ ಅಹಂಕಾರದಿಂದ ಬಂದವನು. ಅಷ್ಟು ಓದಿದವನಿಗೂ ಕೊನೆಗೆ ಬೇಕಾದದ್ದು ಒಂದು ಹರಳು ಉಪ್ಪು, ಒಂದು ಪಾತ್ರೆ ನೀರು, ಎದುರಿಗೆ ತಂದೆ.

ಇನ್ನು ಗಂಡುಮಕ್ಕಳ ವಿಚಾರ. ಅಡುಗೆ ಹೆಂಗಸರ ಕೆಲಸವೆಂದು ಹುಡುಗರನ್ನು ಓಡಿಸುವ ಮನೆಗಳಿವೆ. ಮಧ್ವಸಂಪ್ರದಾಯದಲ್ಲಿ ನಿಂತು ಈ ಮಾತನ್ನಾಡುವುದು ವಿಚಿತ್ರ. ನಮ್ಮ ಮಠಗಳ ಪಾಕಶಾಲೆಗಳಲ್ಲಿ ಮಡಿಯುಟ್ಟು ಅಡುಗೆ ಮಾಡುವವರು ಗಂಡಸರು. ಯಾತ್ರೆಯಲ್ಲಿ ಸ್ವಯಂಪಾಕ ಮಾಡಿಕೊಂಡವರು ನಮ್ಮ ಅಜ್ಜಂದಿರು. ಎಲ್ಲಕ್ಕೂ ಮಿಗಿಲಾಗಿ, ಅಜ್ಞಾತವಾಸದಲ್ಲಿ ವಿರಾಟನ ಅರಮನೆಯಲ್ಲಿ ವಲಲನೆಂಬ ಹೆಸರಿನಿಂದ ಸೌಟು ಹಿಡಿದವನು ಸಾಕ್ಷಾತ್ ಭೀಮಸೇನದೇವರು. ಹಿಟ್ಟು ನಾದಲು ಕೂತ ಹುಡುಗನಿಗೆ ಈ ಕಥೆಯನ್ನು ಹೇಳಿ ನೋಡಿರಿ, ಕೊಣಮಿಗೆಯನ್ನು ಅವನು ಬಿಟ್ಟು ಏಳುವುದಿಲ್ಲ.

ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬರುವ ಒಕ್ಕಲು ಮನೆತನಗಳನ್ನು ನಾನು ಬಾಲ್ಯದಿಂದಲೂ ನೋಡುತ್ತ ಬಂದಿದ್ದೇನೆ. ಬಯಲಿನಲ್ಲಿ ಮೂರು ಕಲ್ಲು ಹೂಡಿದರೆ ಒಲೆಯಾಯಿತು. ಒಂದು ಮಗು ಪುಳ್ಳೆ ಆರಿಸಿ ತರುತ್ತದೆ, ಒಂದು ಕೊಡದ ಕಂಠ ಹಿಡಿದು ತಾಯಿಯೊಡನೆ ನೀರಿಗೆ ಹೋಗುತ್ತದೆ, ಇನ್ನೊಂದು ಕಡುಬಿನ ಹಿಟ್ಟಿನಲ್ಲಿ ಬೆರಳಿಡುತ್ತದೆ. ಹೋಳಿಗೆ, ಕಡುಬು, ರೊಟ್ಟಿ, ಪಲ್ಯ ಸಿದ್ಧವಾದ ಮೇಲೆ ಪಡ್ಡಲಗಿ ತುಂಬುವಾಗ ಆ ಮಕ್ಕಳೆಲ್ಲ ಸುತ್ತ ನಿಂತು, ತಾವು ಮಾಡಿದ್ದು ದೇವಿಗೆ ಮುಟ್ಟುವುದನ್ನು ಕಣ್ಣಗಲಿಸಿ ನೋಡುತ್ತವೆ. ಅವರ ಆಚಾರ ಬೇರೆ, ನಮ್ಮ ಆಚಾರ ಬೇರೆ. ಆದರೆ ಆ ಮಕ್ಕಳ ಮುಖದ ಮೇಲಿನ ಕಳೆಯು ನಮ್ಮ ಮನೆಗಳ ನೈವೇದ್ಯದ ಹೊತ್ತಿನಲ್ಲಿ, “ಇನ್ನೂ ಎಷ್ಟು ಹೊತ್ತು?” ಎಂದು ಕಾಯುವ ಮಕ್ಕಳ ಮುಖದಲ್ಲಿ ಕಾಣುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮಲ್ಲಿಯೂ ಇಂತಹ ಪದ್ಧತಿಯಿಲ್ಲದಿಲ್ಲ. ಶ್ರಾವಣ ಶನಿವಾರದಂದು ವೆಂಕಟೇಶನ ಒಕ್ಕಲಿನ ಮನೆಗಳ ಮಕ್ಕಳು ನಾಮ ಹಚ್ಚಿಕೊಂಡು, ಗೋಪಾಳದ ಬುಟ್ಟಿ ಹಿಡಿದು ನಾಲ್ಕು ಮನೆಗೆ ಹೋಗಿ ಅಕ್ಕಿಯನ್ನು ಬೇಡಿ ತರುವುದು, ಅದನ್ನೇ ಪಾಕ ಮಾಡಿ ಸ್ವಾಮಿಗೆ ನಿವೇದಿಸುವುದು. ಈಗ ಎಷ್ಟೋ ಮನೆಗಳಲ್ಲಿ ಬುಟ್ಟಿಯನ್ನು ಒಂದೇ ಮನೆಗೆ ಒಯ್ದು ಶಾಸ್ತ್ರ ಮುಗಿಸುತ್ತಾರೆ. ಬಂದ ಅಕ್ಕಿ ಡಬ್ಬಿಗೆ ಸೇರುತ್ತದೆ. ಮಗು ತಂದ ಅಕ್ಕಿಯನ್ನು ಮಗುವಿನ ಎದುರಿಗೇ ತೊಳೆದು, ಅದರ ಕೈಯಿಂದಲೇ ಪಾತ್ರೆಗೆ ಹಾಕಿಸಿದರೆ ಆಗುವ ತೊಂದರೆಯೇನು? ಸಂಕ್ರಮಣದ ಕುಸುರೆಳ್ಳು ಮಾಡುವುದೂ ಹೀಗೆಯೇ ಅಪರೂಪವಾಗುತ್ತಿದೆ. ಸಣ್ಣ ಕೆಂಡದ ಮೇಲೆ ಪರಾತವನ್ನಿಟ್ಟು, ಸಕ್ಕರೆಯ ಪಾಕವನ್ನು ಚೂರುಚೂರೇ ಹಾಕುತ್ತ, ಕೈಯಾಡಿಸುತ್ತ ಕೂತರೆ ಎಳ್ಳಿನ ಮೇಲೆ ಮುಳ್ಳು ಏಳಲು ದಿನಗಳೇ ಬೇಕು. ನನ್ನ ತಾಯಿ ಅದನ್ನು ಮಾಡುವಾಗ ಹಾಡು ಹೇಳುತ್ತಿದ್ದರು. ನನಗೆ ದಾಸರ ಪದಗಳು ಬಂದದ್ದು ಪಾಠಶಾಲೆಯಿಂದಲ್ಲ, ಆ ಪರಾತದ ಪಕ್ಕದಿಂದ.

ತಂದೆಯವರ ಮಾತಿನಂತೆ ಮನೆಯಲ್ಲಿ ಬಟ್ಟಲಿನ ಪದ್ಧತಿಯನ್ನು ಮತ್ತೆ ಆರಂಭಿಸಿದೆವು. ಹುರಿದ ರವೆಯಲ್ಲಿ ಒಂದು ಬಟ್ಟಲಷ್ಟನ್ನು ಮೊದಲೇ ಬೇರೆ ತೆಗೆದು ಮಕ್ಕಳ ಮುಂದಿಡುವುದು; ಅದು ನೆಕ್ಕಿದರೂ ಅವರದು, ಚೆಲ್ಲಿದರೂ ಅವರದು. ದೇವರ ತಟ್ಟೆಗೆ ಕೈಯಿಡುವ ಮೊದಲು ಕೈ ತೊಳೆಯುವುದು. ಇಷ್ಟೇ ನಿಯಮ. ಮಗಳು ಕೂಡಲೇ ಬಂದಳೆಂದು ತಿಳಿಯಬೇಡಿರಿ. ಧನುರ್ಮಾಸದ ಒಂದು ನಸುಕಿನಲ್ಲಿ ಹುಗ್ಗಿಗೆ ಹೆಸರುಬೇಳೆ ಹುರಿದ ವಾಸನೆಗೆ ಎದ್ದು ಬಂದು ಹೊಸ್ತಿಲಲ್ಲಿ ನಿಂತವಳನ್ನು ನಾನೇ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು, ನೀರೆರೆದು, ಅವಳ ಎರಡೂ ಅಂಗೈಗಳನ್ನು ತೋರಿಸಿ, “ನೋಡು, ಈಗ ಎಂಜಲ ಇಲ್ಲ” ಎಂದು ಹೇಳಬೇಕಾಯಿತು. ಅವಳು ಅಂಗೈಗಳನ್ನು ಮೂಸಿ ನೋಡಿದಳು. ಆಮೇಲೆ ಒಳಗೆ ಹೋದಳು.

ಕಳೆದ ಅಷ್ಟಮಿಯಲ್ಲಿ ಅವಳೇ ತಮ್ಮನಿಗೆ ಗುರುವಾಗಿದ್ದಳು. ಮೂರು ವರ್ಷದ ಅವನ ಮುಂದೆ ಬಟ್ಟಲನ್ನಿಟ್ಟು, “ಆ ತಾಟು ಕೃಷ್ಣಂದು, ಈ ಬಟ್ಟಲ ನಿಂದು” ಎಂದು ಹೇಳುತ್ತಿದ್ದುದು ದೇವರ ಮನೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು. ನೈವೇದ್ಯ ಮುಗಿದು ಮಂಗಳಾರತಿಗೆ ಬತ್ತಿ ಹಚ್ಚುವಷ್ಟರಲ್ಲಿ ಆ ಹುಡುಗ ಓಡಿಬಂದ. ಕೈಯಲ್ಲಿ ಸೊಟ್ಟಗೆ ಕಟ್ಟಿದ ಉಂಡೆ, ಅರ್ಧ ತಿಂದದ್ದು. ಅಕ್ಕ ಹಿಂದಿನಿಂದ “ಬ್ಯಾಡೋ!” ಎನ್ನುತ್ತಿರುವಾಗಲೇ ದೇವರ ಮನೆಯ ಹೊಸ್ತಿಲಿನ ಹೊರಗೆ, ನೆಲದ ಮೇಲೆ, ಉಳಿದ ಅರ್ಧವನ್ನು ಇಟ್ಟು, ಸ್ವಾಮಿಯ ಕಡೆಗೆ ಒಮ್ಮೆ ನೋಡಿ ಕೈಮುಗಿದ. ಅದನ್ನು ನೈವೇದ್ಯವೆಂದು ನಾನು ಹೇಳಲಾರೆ. ಮಂಗಳಾರತಿ ಮುಗಿಯುವವರೆಗೆ ಅಲ್ಲಿಂದ ತೆಗೆಯಲೂ ಇಲ್ಲ. ಅನಂತರ ಆ ಸ್ಥಳವನ್ನು ನೀರು ಹಾಕಿ ಒರೆಸಿದವಳು ಮಗಳು.

॥ ಶ್ರೀಕೃಷ್ಣಾರ್ಪಣಮಸ್ತು ॥